ಅರ್ಧಕ್ಕರ್ಧ ನೀರು

ಫ್ರೀಜರಿನಿಂದ ಮೂರು ಬಾಟಲಿಗಳನ್ನು ತೆಗೆದು ಅತ್ತಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಮೂರಕ್ಕೂ ಬಿಳಿ ಚೀಟಿ ಅಂಟಿಸಿ, ದೊಡ್ಡಕ್ಷರದಲ್ಲಿ ‘ವಿಷ’ ಎಂದು ಬರೆದಿದ್ದರು. ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಮೈದುನ ಮುಟ್ಟಕೂಡದು’ ಎಂದಿತ್ತು.

“ಮುಟ್ಟು,” ಎಂದರು ನನಗೆ.

“ಮುಟ್ಟಬಾರದು ಅಂತ ನೀವೇ ಬರೆದಿದ್ದೀರಲ್ಲ ಅತ್ತಿಗೆ.”

“ನಿನ್ನೆ ಶರಬತ್ತು ಅಂತ ಮುಚ್ಚಳ ತೆಗೆಯೋಕೆ ಹೋಗಿದ್ದೆಯಲ್ಲ, ಅದಕ್ಕೆ ಬರೆದದ್ದು. ಈಗ ಒಂದೊಂದೇ ಅಲ್ಲಾಡಿಸಿ ನೋಡು.”

ಮೊದಲನೆಯದು ನಮ್ಮ ನಲ್ಲಿಯ ನೀರು. ಕಲ್ಲಾಗಿತ್ತು. ಎರಡನೆಯದು ಬೆಟ್ಟದ ದಾರಿಯಲ್ಲಿ ಕೆಟ್ಟು ನಿಂತ ಆಂಬುಲೆನ್ಸಿನ ರೇಡಿಯೇಟರಿನಿಂದ ಅತ್ತಿಗೆ ಪಿಚಕಾರಿಯಲ್ಲಿ ಹೀರಿ ತಂದದ್ದು. ಗುಲಾಬಿ ಬಣ್ಣ. ಅಲ್ಲಾಡಿಸಿದರೆ ಒದ್ದೆ ಮರಳಿನಂತೆ ಸರ್ರೆಂದಿತು. ಮೂರನೆಯದು ಆಸ್ಪತ್ರೆಯ ಗ್ಯಾರೇಜಿನ ಮೂಲೆಯಲ್ಲಿದ್ದ ಡ್ರಮ್ಮಿನಿಂದ ತಂದದ್ದು. ಅದೂ ಗುಲಾಬಿ, ಅದೂ ಸರ್ರೆಂದಿತು.

“ಎರಡೂ ಒಂದೇ ಥರ ಇವೆ,” ಎಂದೆ.

“ಸಾಂದ್ರತೆ ಅಳೆಯೋ ತೇಲುಗೋಲು ಬಿಟ್ಟೂ ನೋಡ್ದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಅಂದ್ರೆ ಆಂಬುಲೆನ್ಸಿನ ಹೊಟ್ಟೇಲಿ ಇರೋದು ಈ ಡ್ರಮ್ಮಿನ ಮಾಲೇ. ಅದಕ್ಕೆ ಯಾರೂ ನಲ್ಲಿ ನೀರು ಸೇರಿಸಿಲ್ಲ. ಸೇರಿಸಿದ್ರೆ ಡ್ರಮ್ಮಿಗಿಂತ ತೆಳ್ಳಗಿರಬೇಕಿತ್ತು.”

ನನ್ನ ಅತ್ತಿಗೆ ಇಪ್ಪತ್ತೆರಡು ವರ್ಷ ಎಣ್ಣೆ-ಬಣ್ಣಗಳ ಪರೀಕ್ಷಾಲಯದಲ್ಲಿ ದುಡಿದವರು. ಅಣ್ಣ ಹೋದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ಊರವರ ಕಗ್ಗಂಟುಗಳನ್ನು ಬಿಡಿಸುವ ಕೆಲಸಕ್ಕೆ ಇಳಿದರು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದಿ ಕಣ್ಣು ಸವೆಸಿಕೊಂಡವನು. ಈಗ ಅವರ ಡ್ರೈವರು, ಗುಮಾಸ್ತ ಮತ್ತು ಬೈಗುಳಕ್ಕೆ ಸದಾ ಸಿಗುವ ಮನುಷ್ಯ.

ವಿಷಯ ಇಷ್ಟೇ. ಎಂಟು ದಿನದ ಹಿಂದೆ, ಮೈನಸ್ ಇಪ್ಪತ್ತರ ಚಳಿಯಲ್ಲಿ, ಬೆಟ್ಟದಾಚೆಯ ದೊಡ್ಡ ಆಸ್ಪತ್ರೆಗೆ ಹೊರಟ ಆಂಬುಲೆನ್ಸು ನೆತ್ತಿಯ ತಿರುವಿನಲ್ಲಿ ನಿಂತುಬಿಟ್ಟಿತು. ಒಳಗೆ ಎದೆಯ ಕಾಯಿಲೆಯ ಒಬ್ಬ ಮುದುಕರು. ಒಂದು ಕಾಲಕ್ಕೆ ಸೇತುವೆಗಳನ್ನು ಕಟ್ಟಿಸಿದ ಇಂಜಿನಿಯರು, ತಿಂಗಳಿಗೊಮ್ಮೆ ಇದೇ ದಾರಿಯಲ್ಲಿ ಚಿಕಿತ್ಸೆಗೆ ಹೋಗುತ್ತಿದ್ದವರು. ಸಹಾಯ ಬರುವುದು ಎರಡು ಗಂಟೆ ತಡವಾಯಿತು. ಸಿಲಿಂಡರಿನ ಆಕ್ಸಿಜನ್ ಅಷ್ಟು ಹೊತ್ತು ಕಾಯಲಿಲ್ಲ.

ಡ್ರೈವರಣ್ಣ ಪೊಲೀಸರ ಮುಂದೆ ತನ್ನ ಕೈಯಾರೆ ಬರೆದುಕೊಟ್ಟಿದ್ದ: ‘ಹೊರಡುವ ಮುಂಚೆ ನೀರು ಹಾಕಿದೆ. ನಾನೇ ಹಾಕಿದೆ. ಬೇರೆ ಯಾರೂ ಮುಟ್ಟಿಲ್ಲ.’

ಕೊರೆಯುವ ಚಳಿಯಲ್ಲಿ ರೇಡಿಯೇಟರಿಗೆ ಬರೀ ನೀರು ಸುರಿದ ಡ್ರೈವರನನ್ನು ಯಾರು ಬಿಡುತ್ತಾರೆ? ಅವನನ್ನು ಒಳಗೆ ಹಾಕಿದ್ದರು. ಇವತ್ತು ಸಂಜೆ ನಾಲ್ಕಕ್ಕೆ ವಿಚಾರಣೆ. ಅಲ್ಲಿ ಉತ್ತರ ಕೊಡದಿದ್ದರೆ ಲೈಸೆನ್ಸೂ ಹೋಗುತ್ತದೆ, ಐದಾರು ವರ್ಷವೂ ಹೋಗುತ್ತದೆ.

“ನೀರು ಹಾಕಿಲ್ಲ ಅಂದ್ಮೇಲೆ ನೀರು ಹಾಕಿದೆ ಅಂತ ಯಾಕೆ ಬರೆದ?” ಎಂದು ಕೇಳಿದೆ.

“ಅದನ್ನ ನಾನು ನಿನ್ನನ್ನ ಕೇಳ್ಬೇಕು. ಅಕ್ಷರದ ಮನುಷ್ಯ ನೀನು.” ಅತ್ತಿಗೆ ಎರಡನೆಯ ಬಾಟಲಿಯನ್ನು ಬೆಳಕಿಗೆ ಹಿಡಿದರು. “ನನಗೆ ಬೇರೆ ಯೋಚನೆ. ಹೆಪ್ಪುಗಟ್ಟದಿರಲಿ ಅಂತ ರೇಡಿಯೇಟರಿಗೆ ಹಾಕೋ ಕೂಲಂಟ್ ಸರಿಯಾಗಿದ್ರೆ ನಮ್ಮ ಫ್ರೀಜರಿನ ಮೈನಸ್ ಹದಿನೆಂಟಕ್ಕೆಲ್ಲ ಹೆದರೋದೇ ಇಲ್ಲ. ಡ್ರಮ್ಮಿಂದೇ ತೆಳ್ಳಗಿದೆ. ಅದು ಹೇಗೆ?”

ಅವರು ಕೋಟು ತೊಟ್ಟುಕೊಂಡಾಗ ನನಗೂ ಹುರುಪು ಬಂತು. ಇವತ್ತು ಏನಾದರೂ ಆಗಲೇಬೇಕು.

*

ಹೊರಗೆ ನಮ್ಮ ಕಾರಿನ ಗಾಜಿನ ಮೇಲೆ ಮಂಜು ದಪ್ಪಗೆ ಕೂತಿತ್ತು. ಈ ಕಾರಿಗೆ ನಾವಿಟ್ಟ ಹೆಸರು ಆಮೆ. ಹದಿನೇಳು ವರ್ಷದ್ದು. ನಾನು ಸ್ಕ್ರೇಪರು ತೆಗೆದು ಗಾಜು ಕೆರೆಯತೊಡಗಿದೆ.

ಅದು ಡ್ರೈವರಣ್ಣನದು. ಜಾರದಿರಲೆಂದು ಹಿಡಿಗೆ ಕೆಂಪು ದಾರ ಸುತ್ತಿದ್ದ. ಐದು ದಿನದ ಹಿಂದೆ ಅವನ ಅಕ್ಕ ನಮ್ಮ ಮನೆಗೆ ಮೊದಲ ಸಲ ಬಂದಾಗ ನಾನು ಚಮಚದಿಂದ ಗಾಜು ಕೆರೆಯುತ್ತಿದ್ದೆ. ಆ ದುಃಖದಲ್ಲೂ ಆಕೆಗೆ ನನ್ನ ಅವಸ್ಥೆ ನೋಡಿ ಕನಿಕರವಾಗಿ, ಆಂಬುಲೆನ್ಸಿನಿಂದ ಹಿಂದಿರುಗಿಸಿದ ತಮ್ಮನ ಸಾಮಾನಿನ ಚೀಲದಿಂದ ಇದನ್ನು ತೆಗೆದುಕೊಟ್ಟಿದ್ದಳು.

ಒಳ್ಳೆಯ ಸ್ಕ್ರೇಪರೇ. ಒಂದೇ ತಕರಾರು. ಅಂಚಿನಿಂದ ಹೆಬ್ಬೆರಳಿನಷ್ಟು ಈಚೆಗೆ ಬ್ಲೇಡು ಒಂದಿಷ್ಟು ಮುಕ್ಕಾಗಿತ್ತು. ಎಷ್ಟು ಒತ್ತಿ ಎಳೆದರೂ ನೂಲಿನಂಥ ಒಂದು ಗೆರೆ ಗಾಜಿನ ಮೇಲೆ ಉಳಿದೇ ಉಳಿಯುತ್ತಿತ್ತು. ಕರಡು ತಿದ್ದುವವನಿಗೆ ಅಂಥ ಗೆರೆ ಕಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ. ದಿನಾ ಬೆಳಿಗ್ಗೆ ಆ ಗೆರೆಯನ್ನು ಉಗುರಿನಿಂದ ಕೆರೆದು ತೆಗೆಯುವುದೇ ನನಗೊಂದು ಕೆಲಸವಾಗಿತ್ತು.

“ಅಣ್ಣಾ, ಅಮ್ಮಾವ್ರು ಹೊರಟ್ರಾ?”

ಗೇಟಿನ ಬಳಿ ಆಕೆಯೇ ನಿಂತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಕೈಗಳು ಸೋಪಿಗೆ ಸುಲಿದು ಕೆಂಪಗಾಗಿದ್ದವು. ವಯಸ್ಸು ನಲವತ್ತು ದಾಟಿರಲಿಕ್ಕಿಲ್ಲ. ಕಣ್ಣಿನ ಸುತ್ತ ಮಾತ್ರ ಅರವತ್ತಾಗಿತ್ತು.

ಅತ್ತಿಗೆ ಮೆಟ್ಟಿಲಿಳಿದು ಬಂದು ಆಕೆಯ ಕೈ ಹಿಡಿದುಕೊಂಡರು. “ರಾತ್ರಿ ನಿದ್ದೆ ಮಾಡಿದ್ಯಾ?”

“ನಿದ್ದೆ ಎಲ್ಲಿಂದ ಬರುತ್ತೆ ಅಮ್ಮಾ? ನಮ್ಮಪ್ಪ ಹೊಳೆಪಾಲಾದಾಗ ಅವನಿಗೆ ಆರು ವರ್ಷ. ನಾನೇ ಎತ್ತಿ ಆಡಿಸಿ ದೊಡ್ಡವನನ್ನ ಮಾಡಿದ್ದು. ಅವನು ಇರುವೆ ತುಳಿದವನಲ್ಲ. ಇವತ್ತು ಬಿಡಿಸ್ಕೊಂಡು ಬರ್ತೀರಾ ಅಲ್ವಾ?”

“ನಿಜ ಏನು ಅನ್ನೋದನ್ನ ತರ್ತೀನಿ,” ಎಂದರು ಅತ್ತಿಗೆ. “ಮೊದಲನೇ ದಿನ ಹೇಳಿದ್ದೂ ಅದನ್ನೇ.”

ಆಕೆ ತಲೆಯಾಡಿಸಿದಳು. ಎರಡೂ ಒಂದೇ ಎಂದು ಆಕೆ ನಂಬಿದ್ದಳು. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ.

*

“ಯಾವ ಬಣ್ಣದ್ದು ಕೊಡ್ಲಿ?” ಎಂದರು ಬಿಡಿಭಾಗದಂಗಡಿಯವರು.

ಅವರ ಹಿಂದಿನ ಕಪಾಟಿನಲ್ಲಿ ಹಸಿರು, ನೀಲಿ, ಗುಲಾಬಿ, ಕಿತ್ತಳೆ, ಹಳದಿ ಕ್ಯಾನುಗಳು ಮಿಠಾಯಿ ಅಂಗಡಿಯಂತೆ ಸಾಲಾಗಿದ್ದವು.

“ಈಗ ಕಾರಲ್ಲಿರೋದು ಹಸಿರು. ಹಸಿರೇ ಕೊಡಿ,” ಎಂದೆ ನಾನು, ಎಲ್ಲ ತಿಳಿದವನಂತೆ.

“ಕಿಟಕಿ ಪರದೆ ತಗೊಳ್ಳೋಕೆ ಬಂದಿದ್ದೀವಾ ನಾವು, ಬಣ್ಣ ನೋಡೋಕೆ?” ಅತ್ತಿಗೆ ನನ್ನನ್ನು ಪಕ್ಕಕ್ಕೆ ಸರಿಸಿ, ಕಾರಿನ ಜೊತೆ ಬಂದ ಪುಸ್ತಕವನ್ನು ಕೌಂಟರಿನ ಮೇಲೆ ಬಿಡಿಸಿಟ್ಟರು. “ಇಲ್ಲಿ ಬರೆದಿರೋ ಗುಣದ್ದು ಬೇಕು. ಬಣ್ಣ ಯಾವುದಾದ್ರೂ ಆಗ್ಲಿ.”

ಅಂಗಡಿಯವರು ಕನ್ನಡಕ ಏರಿಸಿ ಅತ್ತಿಗೆಯ ಮುಖವನ್ನು ನೋಡಿದ ರೀತಿ ನೋಡಬೇಕಿತ್ತು. ಕಳೆದುಹೋದ ತಂಗಿ ಸಿಕ್ಕಿದಂತಿತ್ತು.

“ನೂರಕ್ಕೊಬ್ಬರು ತರ್ತಾರಮ್ಮ ಪುಸ್ತಕ. ಮಿಕ್ಕೋರೆಲ್ಲ ಹಸಿರು ಕೊಡಿ, ಕೆಂಪು ಕೊಡಿ. ಬಣ್ಣ ಅಂದ್ರೆ ಕಂಪನಿಯೋರು ಅವರವರ ಖುಷಿಗೆ ಹಾಕೋದು. ಒಬ್ಬರ ಹಸಿರಲ್ಲಿರೋ ಮದ್ದು ಇನ್ನೊಬ್ಬರ ಹಸಿರಲ್ಲಿ ಇರಲ್ಲ. ಹೋದ ತಿಂಗಳು ಒಬ್ಬರು ಎರಡು ಜಾತಿ ಬೆರೆಸಿ ತಂದಿದ್ರು, ರೇಡಿಯೇಟರ್ ಒಳಗೆ ಲೋಳೆ ಕಟ್ಕೊಂಡು ಕಡ್ಡಿ ಹಾಕಿ ಎಳೆಯೋ ಹಾಗಾಗಿತ್ತು. ನಿಮ್ಮದು ಅಲ್ಯೂಮಿನಿಯಂ ರೇಡಿಯೇಟರು. ಅದಕ್ಕೆ ಇದೇ ಆಗ್ಬೇಕು.” ಅವರು ಒಂದು ಗುಲಾಬಿ ಕ್ಯಾನು ತೆಗೆದಿಟ್ಟರು. “ಹಳೇದನ್ನ ಪೂರ್ತಿ ಇಳಿಸಿ, ಒಳಗೆಲ್ಲ ತೊಳೆದು, ಆಮೇಲೆ ಹಾಕಿ. ಉಳಿದಿರೋದರ ಮೇಲೆ ಸುರೀಬೇಡಿ.”

ಆಮೆಯನ್ನು ಅವರ ಅಂಗಡಿಯ ಹಿಂದಿನ ಶೆಡ್ಡಿಗೆ ತಳ್ಳಿದೆವು. ಇಳಿಸಿದ ಹಳೆಯ ದ್ರವ ತುಕ್ಕು ಬಣ್ಣಕ್ಕೆ ತಿರುಗಿತ್ತು. ಇಷ್ಟು ವರ್ಷ ಆ ಪ್ರಾಣಿ ನಮ್ಮನ್ನು ಹೊತ್ತದ್ದೇ ದೊಡ್ಡದು ಎಂದು ನನಗೆ ನಾಚಿಕೆಯಾಯಿತು.

“ಇದು ಗಟ್ಟೀದೋ, ನೀರು ಬೆರೆಸಿದ್ದೋ?” ಅತ್ತಿಗೆ ಕ್ಯಾನನ್ನು ತಿರುಗಿಸುತ್ತ ಕೇಳಿದರು.

“ಬೆರೆಸಿದ್ದೇ. ನೋಡಿ, ಕೆಳಗೆ ಹಳದಿ ಪಟ್ಟಿ ಇದೆಯಲ್ಲ.”

ಕ್ಯಾನಿನ ಬುಡದಲ್ಲಿ ಅಂಗೈ ಅಗಲದ ಹಳದಿ ಕಾಗದ. ಅದರ ಮೇಲೆ: ‘ಬಳಕೆಗೆ ಸಿದ್ಧ. ನೀರು ಬೆರೆಸಬೇಡಿ.’

“ಗಟ್ಟೀದೂ ಇದೇ ಕ್ಯಾನಲ್ಲೇ ಬರ್ತಿತ್ತು,” ಎಂದರು ಅಂಗಡಿಯವರು. “ಅದೇ ಆಕಾರ, ಅದೇ ಬಣ್ಣ, ಅದೇ ಮುಚ್ಚಳ. ಅದಕ್ಕೆ ಈ ಪಟ್ಟಿ ಇರ್ತಿರಲಿಲ್ಲ, ಅಷ್ಟೇ. ಅದನ್ನ ತಗೊಂಡು ಅರ್ಧ ನೀರು ಬೆರೆಸ್ಕೋತಿದ್ರು. ಈಗ ಮೂರು ತಿಂಗಳಿಂದ ಗಟ್ಟಿ ಮಾಲೇ ಬರ್ತಿಲ್ಲ. ಬರೋದೆಲ್ಲ ಬೆರೆಸಿದ್ದೇ.”

ಅತ್ತಿಗೆಯ ಕಿವಿ ನೆಟ್ಟಗಾಗಿದ್ದು ನನಗೆ ಕಂಡಿತು. “ಆಸ್ಪತ್ರೆ ಗ್ಯಾರೇಜಿಗೂ ನಿಮ್ಮಿಂದಲೇ ಹೋಗೋದಾ?”

“ಹ್ಞೂಂ. ಇಪ್ಪತ್ತು ದಿನದ ಹಿಂದೆ ಹನ್ನೆರಡು ಕ್ಯಾನು ಹೋಯ್ತು. ಈ ಸಲ ಬೆರೆಸಿದ್ದು ಬಂದಿದೆ, ನೀರು ಹಾಕಬೇಡಿ ಅಂತ ಬಾಯಲ್ಲೂ ಹೇಳಿದ್ದೆ.”

“ಯಾರಿಗೆ ಹೇಳಿದ್ರಿ?”

“ಕ್ಯಾನು ತಗೊಂಡು ಹೋಗೋಕೆ ಬಂದಿದ್ದೋರಿಗೆ. ಯಾರು ಅಂತ ಕೇಳಬೇಡಿ. ಈ ಚಳೀಲಿ ಟೋಪಿ ಮಫ್ಲರು ಸುತ್ಕೊಂಡು ಎಲ್ಲರೂ ಒಂದೇ ಥರ ಕಾಣ್ತಾರೆ.”

*

ಆಸ್ಪತ್ರೆಯ ಗ್ಯಾರೇಜು ತಲುಪಿದಾಗ ಎರಡೂವರೆ. ಉದ್ದನೆಯ ತಗಡಿನ ಶೆಡ್ಡು, ನೆಲದಲ್ಲಿ ಒಂದು ಗುಂಡಿ, ಗೋಡೆಗೆ ತೂಗುಹಾಕಿದ ಸ್ಪ್ಯಾನರುಗಳು. ಪ್ರತಿ ಸ್ಪ್ಯಾನರಿನ ಹಿಂದೆ ಅದರದೇ ಆಕಾರವನ್ನು ಬಣ್ಣದಲ್ಲಿ ಬರೆದಿದ್ದರು, ಒಂದು ಕಾಣೆಯಾದರೂ ತಿಳಿಯಲಿ ಎಂದು.

ಅದು ಮೇಸ್ತ್ರಿಯವರ ಕೆಲಸ. ಇಪ್ಪತ್ತೆಂಟು ವರ್ಷದಿಂದ ಈ ಶೆಡ್ಡಿಗೆ ಅವರೇ ರಾಜ, ಅವರೇ ಮಂತ್ರಿ. ಗ್ಯಾರೇಜಿನವರು ಬೆನ್ನ ಹಿಂದೆ ಅವರನ್ನು ‘ಅರ್ಧಕ್ಕರ್ಧ’ ಎನ್ನುತ್ತಿದ್ದರು. ಟೀಗೆ ಅರ್ಧ ಹಾಲು ಅರ್ಧ ನೀರು, ಸೋಪಿನ ನೀರಿಗೆ ಅರ್ಧಕ್ಕರ್ಧ, ಕಡೆಗೆ ಯಾರಾದರೂ ರಜೆ ಕೇಳಿದರೂ ಅರ್ಧ ದಿನ.

“ಮತ್ತೆ ಬಂದ್ರಾ?” ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಮುಖ ಗಂಟಿಕ್ಕಿದರು. “ಹೇಳೋದೆಲ್ಲ ಪೊಲೀಸರಿಗೆ ಹೇಳಿ ಆಗಿದೆ ತಾಯಿ. ನೀರು ಹಾಕಿದೆ ಅಂತ ಅವನೇ ಬರ್ಕೊಟ್ಟಿದ್ದಾನೆ. ನನ್ನ ಕೈಯಲ್ಲಿ ಕಲಿತ ಹುಡುಗ ಅವನು. ಇಂಥ ಕೆಲಸ ಮಾಡ್ದ ಅಂದ್ರೆ ನನಗೇ ತಲೆ ಎತ್ತೋಕಾಗ್ತಿಲ್ಲ.”

“ನನಗೊಂದು ಉಪಕಾರ ಮಾಡಿ,” ಎಂದರು ಅತ್ತಿಗೆ. “ಒಂದು ಗಾಡಿಗೆ ಹೇಗೆ ತಯಾರು ಮಾಡ್ತೀರೋ ಹಾಗೇ, ನನ್ನ ಕಣ್ಣೆದುರಿಗೆ ಮಾಡಿ ತೋರಿಸಿ.”

ಮೇಸ್ತ್ರಿ ಗೊಣಗುತ್ತಲೇ ಉಗ್ರಾಣದಿಂದ ಒಂದು ಗುಲಾಬಿ ಕ್ಯಾನು ತಂದರು. ಅಳತೆಯ ಜಗ್ಗಿಗೆ ಒಂದು ಗೆರೆಯವರೆಗೆ ಸುರಿದರು. ಗೋಡೆಯ ಕೊಳಾಯಿಯಿಂದ ಇನ್ನೊಂದು ಜಗ್ಗನ್ನು ಅದೇ ಗೆರೆಯವರೆಗೆ ತುಂಬಿದರು. ಎರಡನ್ನೂ ಡ್ರಮ್ಮಿಗೆ ಸುರಿದು ಮರದ ಕೋಲಿನಿಂದ ಕಲಕಿದರು. ಒಂದು ತೊಟ್ಟೂ ಹೊರಗೆ ಚೆಲ್ಲಲಿಲ್ಲ.

“ಕೊಳಾಯಿಂದ ತಂದ್ರಲ್ಲ, ಅದೇನು?”

“ನಲ್ಲಿ.”

“ನಲ್ಲಿ ನೀರು?”

“ನಾವಿಲ್ಲಿ ಬರೀ ನಲ್ಲಿ ಅಂತೀವಿ.”

“ಹಾಗಾದ್ರೆ ಡ್ರಮ್ಮಲ್ಲಿರೋದು?”

“ನೀರು,” ಎಂದರು ಮೇಸ್ತ್ರಿ, ಎರಡನೆಯ ಕ್ಲಾಸಿನ ಮಗುವಿಗೆ ಹೇಳಿಕೊಡುವಂತೆ. “ಇಂಜಿನ್ನಿಗೆ ಎಣ್ಣೆ, ರೇಡಿಯೇಟರಿಗೆ ನೀರು. ಹೊರಡೋ ಮುಂಚೆ ನೀರು ನೋಡಿದ್ಯಾ, ನೀರು ಹಾಕಿದ್ಯಾ ಅಂತ ದಿನಾ...”

ಅವರ ಮಾತು ಅರ್ಧಕ್ಕೆ ನಿಂತಿತು. ಕೋಲು ಡ್ರಮ್ಮಿನೊಳಗೆ ತಾನಾಗಿಯೇ ಒಂದು ಸುತ್ತು ತಿರುಗಿತು.

ನನಗೂ ಅದೇ ಹೊತ್ತಿಗೆ ಹೊಳೆಯಿತು. ಇಡೀ ಜೀವಮಾನ ಪದಗಳನ್ನು ತಿದ್ದಿದವನು ನಾನು. ಆ ಹೇಳಿಕೆಯನ್ನು ಹತ್ತು ಸಲ ಓದಿದ್ದೆ. ಅದರಲ್ಲಿ ಕಾಗುಣಿತದ ತಪ್ಪು ಹುಡುಕಿದ್ದೆನೇ ಹೊರತು, ಬರೆದವನ ಬಾಯಲ್ಲಿ ‘ನೀರು’ ಎಂದರೇನು ಎಂದು ಕೇಳಿರಲಿಲ್ಲ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

“ಪೊಲೀಸರಿಗೆ ನೀರು ಅಂದ್ರೆ ನೀರು,” ಎಂದರು ಅತ್ತಿಗೆ ನಿಧಾನವಾಗಿ. “ಅವನಿಗೆ ನೀರು ಅಂದ್ರೆ ಇದು. ನೀವು ಕಲಿಸಿದ ಭಾಷೇಲಿ ಬರೆದ ಅವನು.”

“ಅಂದ್ರೆ ಅವನು ತಪ್ಪು ಮಾಡಿಲ್ಲ!” ಮೇಸ್ತ್ರಿಯ ಮುಖ ಅರಳಿತು. “ಸರಿಯಾಗೇ ಹಾಕಿದ್ದಾನೆ ನನ್ನ ಹುಡುಗ! ನಡೀರಿ, ನಾಲ್ಕು ಗಂಟೆಗೆ ನಾನೇ ಬಂದು ಹೇಳ್ತೀನಿ. ಅಲ್ಲಾ, ಹಾಗಾದ್ರೆ ಗಾಡಿ ಯಾಕೆ ಹೆಪ್ಪುಗಟ್ತು?”

ಅತ್ತಿಗೆ ಉತ್ತರಿಸುವ ಮೊದಲು ಒಂದು ಉಸಿರೆಳೆದುಕೊಂಡರು. ಅವರಿಗೆ ಈ ಕೆಲಸದ ಈ ಭಾಗ ಇಷ್ಟವಿಲ್ಲ. ಆದರೆ ತಪ್ಪಿಸಿಕೊಂಡವರಲ್ಲ.

“ಮೇಸ್ತ್ರಿಗಳೇ, ನೀವು ನಲ್ಲಿ ಬೆರೆಸೋಕೆ ಮುಂಚೇನೇ ಅದು ಬೆರೆಸಿದ್ದಾಗಿತ್ತು. ಈ ಸಲ ಬಂದಿರೋದು ಗಟ್ಟಿ ಮಾಲಲ್ಲ. ಕ್ಯಾನಲ್ಲಿರೋದೇ ಅರ್ಧ ನೀರು. ಅದಕ್ಕೆ ನೀವು ಇನ್ನರ್ಧ ಸೇರಿಸಿದ್ರಿ. ಗಟ್ಟಿ ಮಾಲು ಉಳಿದಿದ್ದು ಕಾಲು ಭಾಗ. ಮೈನಸ್ ಹನ್ನೆರಡಕ್ಕೇ ಅದು ಗಟ್ಟಿಯಾಗೋಕೆ ಶುರು. ಬೆಟ್ಟದ ಮೇಲೆ ಮೈನಸ್ ಇಪ್ಪತ್ತಿತ್ತು. ಮುಂದುಗಡೆ ರೇಡಿಯೇಟರ್ ಹೆಪ್ಪುಗಟ್ಟಿ ಹರಿವು ನಿಂತೋಯ್ತು, ಹಿಂದುಗಡೆ ಇಂಜಿನ್ ಕುದ್ದು ಬಿರುಕು ಬಿಟ್ಟಿತು.”

“ಸುಳ್ಳು!” ಮೇಸ್ತ್ರಿ ಕೂಗಿದರು. ತಗಡಿನ ಮಾಡು ಆ ಕೂಗನ್ನು ಮತ್ತೊಮ್ಮೆ ಹೇಳಿತು. “ಇಪ್ಪತ್ತೆಂಟು ವರ್ಷದಿಂದ ಇದೇ ಕ್ಯಾನು, ಇದೇ ಅಳತೆ. ಬೇರೆ ಮಾಲು ಬಂದಿದ್ರೆ ಕ್ಯಾನ್ ಮೇಲೆ ಬರೆದಿರಲ್ವಾ? ನನಗೆ ಓದೋಕೆ ಬರಲ್ವಾ?”

“ಅಂಗಡೀಲಿ ನೋಡಿದ ಕ್ಯಾನಿನ ಮೇಲೆ ಬರೆದಿತ್ತು.”

“ಇದರ ಮೇಲಿಲ್ಲ! ನೋಡ್ಕೊಳ್ಳಿ!”

ಅವರು ಕ್ಯಾನನ್ನು ಅತ್ತಿಗೆಯ ಮುಂದೆ ಕುಕ್ಕಿದರು. ನಿಜವೇ, ಅದರ ಮೇಲೆ ಹಳದಿ ಪಟ್ಟಿ ಇರಲಿಲ್ಲ. ಆದರೆ ಅವರ ಕೋಪ ಒಳಗಿನಿಂದ ಕುಸಿಯುತ್ತಿತ್ತು. ಅವರು ಪಕ್ಕದ ಟೈರಿನ ಮೇಲೆ ಕೂತುಬಿಟ್ಟರು. ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು.

“ಹನ್ನೆರಡು ದಿನದ ಹಿಂದೆ ಆ ಗಾಡೀದು ಪೂರ್ತಿ ಇಳಿಸಿ ತುಂಬಿದ್ದು ನಾನು,” ಎಂದರು. “ಅವನು ಹಾಕಿದ್ದು ಬರೀ ಒಂದು ಲೋಟ, ಹೊರಡೋ ಮುಂಚೆ. ಹಾಗಾದ್ರೆ ಆ ಯಜಮಾನರನ್ನ ಕೊಂದಿದ್ದು ನಾನೇ. ಅಲ್ವಾ ತಾಯಿ?”

ಅತ್ತಿಗೆ ಆಗಲೇ ಕ್ಯಾನಿನ ಪಕ್ಕ ಮಂಡಿಯೂರಿ, ಅದರ ಬುಡವನ್ನು ಕಿಟಕಿಯ ಬೆಳಕಿಗೆ ತಿರುಗಿಸುತ್ತಿದ್ದರು.

“ಇನ್ನೂ ಇಲ್ಲ,” ಎಂದರು. “ಮೈದುನರಾಯಾ, ಉಗ್ರಾಣದಲ್ಲಿರೋ ಕ್ಯಾನೆಲ್ಲ ಹೊರಗೆ ತಾ.”

ಇನ್ನೂ ಆರು ಉಳಿದಿದ್ದವು. ಒಂದೊಂದಾಗಿ ತಂದು ಕಿಟಕಿಯ ಕೆಳಗಿಟ್ಟೆ. ಯಾವುದರ ಮೇಲೂ ಹಳದಿ ಪಟ್ಟಿ ಇರಲಿಲ್ಲ. ಪಟ್ಟಿ ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ಕು ಮಬ್ಬಾಗಿತ್ತು. ಅತ್ತಿಗೆ ಬೆರಳಿಟ್ಟು ಎತ್ತಿದರು. ಬೆರಳು ಅಂಟಿಕೊಂಡಿತು.

“ಅಂಟು ಇನ್ನೂ ಇದೆ. ಯಾರೋ ಕೂತ್ಕೊಂಡು ಒಂದೊಂದನ್ನೇ ಕೆರೆದು ತೆಗೆದಿದ್ದಾರೆ.” ಅವರ ಧ್ವನಿ ಗಟ್ಟಿಯಾಯಿತು. “ಮೇಸ್ತ್ರಿಗಳೇ, ತಲೆ ಎತ್ತಿ. ನೀವು ಅರ್ಧಕ್ಕರ್ಧ ಬೆರೆಸೇ ಬೆರೆಸ್ತೀರಿ ಅಂತ ಗೊತ್ತಿದ್ದೋರು ಯಾರೋ, ಓದೋಕೆ ಇದ್ದಿದ್ದನ್ನ ತೆಗೆದುಬಿಟ್ರು. ನಿಮ್ಮ ಅಭ್ಯಾಸಾನೇ ಅವರಿಗೆ ಆಯುಧ ಆಯ್ತು. ಇದು ಅಜಾಗರೂಕತೆ ಅಲ್ಲ. ಕೊಲೆ.”

ಮೇಸ್ತ್ರಿ ಎದ್ದು ನಿಂತರು. ಕಣ್ಣು ತೇವವಾಗಿತ್ತು, ದವಡೆ ಬಿಗಿದಿತ್ತು. “ಯಾರು ಅಂತ ಹೇಳಿ ತಾಯಿ. ನಾಲ್ಕು ಗಂಟೆಗೆ ನಾನು ಬರ್ತೀನಿ. ಬೆರೆಸಿದ್ದು ನಾನು ಅಂತಾನೂ ಹೇಳ್ತೀನಿ. ಹುಡುಗ ಹೊರಗೆ ಬರ್ಲಿ.”

“ಬರ್ತಾನೆ,” ಎಂದರು ಅತ್ತಿಗೆ. ಇಷ್ಟು ದಿನದಲ್ಲಿ ಮೊದಲ ಸಲ ಅವರು ನಕ್ಕರು. “ಇವತ್ತೇ ಬರ್ತಾನೆ.”

ನಾನು ನಗಲಿಲ್ಲ. ನನ್ನ ಕಣ್ಣು ಮೂರನೆಯ ಕ್ಯಾನಿನ ಮೇಲೆ ನೆಟ್ಟಿತ್ತು.

ಮಬ್ಬು ಜಾಗದ ನಡುವೆ, ಉದ್ದಕ್ಕೂ, ಹಳದಿ ಕಾಗದದ ಒಂದು ಎಳೆ ಉಳಿದಿತ್ತು. ನೂಲಿನಷ್ಟು ತೆಳ್ಳಗೆ. ಕೆರೆದ ಅಂಚಿನಿಂದ ಹೆಬ್ಬೆರಳಿನಷ್ಟು ಈಚೆಗೆ.

ನಾಲ್ಕನೆಯ ಕ್ಯಾನು ನೋಡಿದೆ. ಅದೇ ಗೆರೆ, ಅದೇ ಜಾಗದಲ್ಲಿ. ಐದನೆಯದರಲ್ಲೂ ಇತ್ತು.

ಕಾರಿನವರೆಗೆ ನಡೆದುಹೋದದ್ದು ನನಗೆ ನೆನಪಿಲ್ಲ. ಬಾಗಿಲು ತೆಗೆದದ್ದೂ ನೆನಪಿಲ್ಲ. ಹಿಂದಿರುಗಿ ಬಂದಾಗ ಕೆಂಪು ದಾರ ಸುತ್ತಿದ ಸ್ಕ್ರೇಪರು ನನ್ನ ಕೈಯಲ್ಲಿತ್ತು. ಅದರ ಬ್ಲೇಡನ್ನು ಕ್ಯಾನಿನ ಮಬ್ಬು ಜಾಗದ ಮೇಲಿಟ್ಟೆ.

ಹಳದಿ ಎಳೆ ಬ್ಲೇಡಿನ ಮುಕ್ಕಿನೊಳಗೆ ಸರಿಯಾಗಿ ಕೂತಿತು.

ಮೇಸ್ತ್ರಿ ಕೆಂಪು ದಾರವನ್ನೇ ನೋಡುತ್ತಿದ್ದರು. ಅದು ಯಾರದೆಂದು ನಾನು ಹೇಳಬೇಕಾಗಿರಲಿಲ್ಲ.

“ಇದು ಅವನ ಕೈ ಬಿಟ್ಟು ಎಲ್ಲೂ ಹೋಗ್ತಿರಲಿಲ್ಲ,” ಎಂದರು ಕೊನೆಗೆ, ತಮಗೆ ತಾವೇ ಹೇಳಿಕೊಳ್ಳುವಂತೆ. “ಯಾರಾದ್ರೂ ಕೇಳಿದ್ರೂ ಕೊಡ್ತಿರಲಿಲ್ಲ. ಅಕ್ಕನಿಗೆ ಬಿಟ್ರೆ ಯಾರಿಗೂ ಕೊಡ್ತಿರಲಿಲ್ಲ.”

‘ನಾನೇ ಹಾಕಿದೆ. ಬೇರೆ ಯಾರೂ ಮುಟ್ಟಿಲ್ಲ.’ ಆ ಹೇಳಿಕೆ ಬೇಡವೆಂದರೂ ಮತ್ತೆ ನನ್ನ ತಲೆಯಲ್ಲಿ ತಿರುಗತೊಡಗಿತು. ಮೇಸ್ತ್ರಿಯನ್ನು ಕಾಪಾಡಲು ಹಾಗೆ ಬರೆದನೆಂದು ಅರೆಗಳಿಗೆಯ ಹಿಂದೆ ನಾನು ಮೆಚ್ಚಿಕೊಂಡಿದ್ದೆ. ಈಗ ಅವನು ಬೇರೆ ಯಾರನ್ನೋ ಕಾಪಾಡುತ್ತಿದ್ದಾನೋ, ತನ್ನ ಕೆಲಸವನ್ನು ತಾನೇ ಒಪ್ಪಿಕೊಂಡಿದ್ದಾನೋ ತಿಳಿಯಲಿಲ್ಲ.

ಸತ್ತವರು ಸೇತುವೆ ಕಟ್ಟಿಸಿದವರು. ಈ ಅಕ್ಕ-ತಮ್ಮಂದಿರ ಅಪ್ಪ ಹೊಳೆಪಾಲಾದವನು. ಯಾವ ಹೊಳೆ, ಹೇಗೆ ಬಿದ್ದ, ಮೇಲೆ ಸೇತುವೆ ಇತ್ತೇ ಎಂದು ಐದು ದಿನದಲ್ಲಿ ನಾವು ಒಂದು ಸಲವೂ ಕೇಳಿರಲಿಲ್ಲ.

“ಅತ್ತಿಗೆ,” ಎಂದೆ. “ಇದನ್ನ ನಾವು ನೋಡೇ ಇಲ್ಲ ಅಂದ್ಕೊಂಡ್ರೆ? ನೀರಿನ ವಿಷಯ ಒಂದೇ ಹೇಳಿದ್ರೂ ಅವನು ಬಿಡುಗಡೆ ಆಗ್ತಾನೆ. ಅವನ ಅಕ್ಕನಿಗೆ ಏನಂತ ಮಾತು ಕೊಟ್ಟಿದ್ದೀವಿ?”

ಅತ್ತಿಗೆ ಎದ್ದು ನಿಂತು ಮಂಡಿಯ ಧೂಳು ಕೊಡವಿಕೊಂಡರು. ಮುಖದಲ್ಲಿ ನಗುವಿನ ಗುರುತೂ ಉಳಿದಿರಲಿಲ್ಲ.

“ನಿಜ ತರ್ತೀನಿ ಅಂದಿದ್ದೆ. ತಮ್ಮನ್ನ ತರ್ತೀನಿ ಅಂದಿರಲಿಲ್ಲ.” ಅವರು ಗಡಿಯಾರ ನೋಡಿಕೊಂಡರು. “ಮೂರೂ ಇಪ್ಪತ್ತು. ಕ್ಯಾನುಗಳನ್ನ ಕಾರಿಗೆ ಹಾಕು. ಮೇಸ್ತ್ರಿಗಳೇ, ಕೋಟು ಹಾಕ್ಕೊಳ್ಳಿ. ಅಲ್ಲಿ ಎರಡನ್ನೂ ಹೇಳ್ತೀವಿ. ಮೊದಲು ನೀರು, ಆಮೇಲೆ ಗೆರೆ.”

ಆಗಲೇ ಶೆಡ್ಡಿನ ಬಾಗಿಲಲ್ಲಿ ನೆರಳು ಬಿತ್ತು.

ಅವನ ಅಕ್ಕ. ಓಡಿಕೊಂಡು ಬಂದಿದ್ದಳು. ತೋಳಿನ ಮೇಲೆ ತಮ್ಮನ ಇಸ್ತ್ರಿ ಮಾಡಿದ ಅಂಗಿ, ವಿಚಾರಣೆಗೆ ಹಾಕಿಕೊಳ್ಳಲೆಂದು. ನಾನು ಸ್ಕ್ರೇಪರನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ.

“ಅವನನ್ನ ಈಗ ನೋಡ್ಕೊಂಡು ಬಂದೆ,” ಎಂದಳು ಏದುಸಿರು ಬಿಡುತ್ತ. “ಊಟ ಬೇಡವಂತೆ, ವಕೀಲರೂ ಬೇಡವಂತೆ. ನಿನ್ನೆಯಿಂದ ಒಂದೇ ಮಾತು. ಅಣ್ಣಾ, ನಾನು ನಿಮಗೆ ಕೊಟ್ಟಿದ್ದೆನಲ್ಲ ಆ ಗಾಜು ಕೆರೆಯೋದು, ಅದನ್ನ ವಾಪಸ್ ಕೊಡ್ತೀರಾ? ಅವನಿಗೆ ಅದೊಂದೇ ಬೇಕಂತೆ.”